ಇನ್ನೂರು ದಿನಗಳ ಗೆರೆಯನ್ನು ಎಷ್ಟು ನಂಬಬಹುದು?

2020ರ ಫೆಬ್ರವರಿ 28, ಶುಕ್ರವಾರ. ಷೇರುಪೇಟೆಯ ಸೂಚ್ಯಂಕ ನಿಫ್ಟಿ 11,200ರ ಆಸುಪಾಸಿನಲ್ಲಿ ದಿನ ಮುಗಿಸಿತು. ಅಷ್ಟೊತ್ತಿಗೆ ಅದು ತನ್ನ 200 ದಿನಗಳ ಸರಾಸರಿಗಿಂತ ಸಾಕಷ್ಟು ಕೆಳಗಿಳಿದಿತ್ತು. ಆ ಗೆರೆಯ ಕೆಳಗೆ ಬಂದರೆ ಮಾರಬೇಕು, ಮೇಲೆ ಹೋದರೆ ಮತ್ತೆ ಕೊಳ್ಳಬೇಕು ಎಂಬ ನಿಯಮ ಹಿಡಿದವರೊಬ್ಬರು ಅಂದೇ ಮಾರಿದರು ಎಂದುಕೊಳ್ಳೋಣ. ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಕುಸಿದಾಗ ನಿಯಮ ಗೆದ್ದಂತೆಯೇ ಕಂಡಿರುತ್ತದೆ. ಆದರೆ ಸೂಚ್ಯಂಕ ಮತ್ತೆ ಸರಾಸರಿಯ ಮೇಲೆ ಬಂದದ್ದು ಜುಲೈನಲ್ಲಿ. ಆಗ ಅದು 11,000ದ ಹತ್ತಿರವಿತ್ತು. ಮಾರಿದ ಬೆಲೆಗೂ ಮರಳಿ ಕೊಂಡ ಬೆಲೆಗೂ ಶೇ. 2ರಷ್ಟೇ ಅಂತರ. ಬ್ರೋಕರೇಜು, ತೆರಿಗೆ ಕಳೆದರೆ ಉಳಿಯುವುದು ತೀರಾ ಕಡಿಮೆ.

ಯಾಕೆ ಹೀಗಾಯಿತು? ಸರಾಸರಿಯ ಲೆಕ್ಕ ಹೇಗೆಂದು ನೋಡಿ. ಐದು ದಿನಗಳ ಮುಕ್ತಾಯದ ಬೆಲೆ 100, 102, 104, 103, 106 ಎಂದಿರಲಿ. ಸರಾಸರಿ 103. ಆರನೆಯ ದಿನ ಬೆಲೆ 110 ಆದರೆ ಹಳೆಯ 100 ಹೊರಗೆ ಹೋಗಿ 110 ಒಳಗೆ ಬರುತ್ತದೆ, ಸರಾಸರಿ 105 ಆಗುತ್ತದೆ. ಬೆಲೆ ನಾಲ್ಕು ರೂಪಾಯಿ ಜಿಗಿದರೂ ಸರಾಸರಿ ಎರಡೇ ರೂಪಾಯಿ ಏರಿತು. ದಿನನಿತ್ಯದ ಏರಿಳಿತದ ಗದ್ದಲವನ್ನು ಸೋಸಿ ದೊಡ್ಡ ಚಲನೆಯನ್ನಷ್ಟೇ ಉಳಿಸುವುದು ಇದರ ಗುಣ. ಅದಕ್ಕೆ ತೆರುವ ಬೆಲೆ ವಿಳಂಬ. 200 ದಿನಗಳ ಸರಾಸರಿ ಬೆಲೆಗಿಂತ ಹೆಚ್ಚುಕಡಿಮೆ ನೂರು ದಿನ ಹಿಂದಿರುತ್ತದೆ. ಇಪ್ಪತ್ತೈದು ದಿನದಲ್ಲಿ ಮುಗಿದುಹೋಗುವ ಕುಸಿತದ ಮುಂದೆ ಅದು ಮಾಡಬಹುದಾದದ್ದು ಅಲ್ಪ.

ಒಂದು ಘಟನೆಯಿಂದ ತೀರ್ಪು ಕೊಡಲಾಗದು. ಹಳೆಯ ಬೆಲೆಗಳ ಮೇಲೆ ನಿಯಮವನ್ನು ಓಡಿಸಿ ನೋಡಬೇಕು. ಇದೇ ಬ್ಯಾಕ್‌ಟೆಸ್ಟಿಂಗ್. 1992ರಲ್ಲಿ ವಿಲಿಯಂ ಬ್ರಾಕ್, ಜೋಸೆಫ್ ಲಕೋನಿಶಾಕ್, ಬ್ಲೇಕ್ ಲೆಬರಾನ್ ಎಂಬ ಮೂವರು ಅಮೆರಿಕದ ಡೌ ಜೋನ್ಸ್ ಸೂಚ್ಯಂಕದ 1897ರಿಂದ 1986ರವರೆಗಿನ ಬೆಲೆಗಳ ಮೇಲೆ 26 ಸರಳ ನಿಯಮಗಳನ್ನು ಪರೀಕ್ಷಿಸಿದರು. ಹೆಚ್ಚಿನವು ಸರಾಸರಿಯವೇ. ‘ಕೊಳ್ಳು’ ಎಂದ ದಿನಗಳಲ್ಲಿ ವರ್ಷಕ್ಕೆ ಸುಮಾರು ಶೇ. 12ರ ಗಳಿಕೆ, ‘ಮಾರು’ ಎಂದ ದಿನಗಳಲ್ಲಿ ಸುಮಾರು ಶೇ. 7ರ ನಷ್ಟ. ವಹಿವಾಟಿನ ಖರ್ಚು ಈ ಲೆಕ್ಕದಲ್ಲಿಲ್ಲ. ಆದರೂ ಷೇರುಬೆಲೆಗೆ ಹಿಂದುಮುಂದಿನ ನಂಟೇ ಇಲ್ಲವೆಂದು ನಂಬಿದ್ದ ಅರ್ಥಶಾಸ್ತ್ರಜ್ಞರಿಗೆ ಇದು ದೊಡ್ಡ ಸವಾಲಾಯಿತು.

ಏಳು ವರ್ಷಗಳ ನಂತರ ರಯಾನ್ ಸಲಿವನ್, ಅಲನ್ ಟಿಮ್ಮರ್‌ಮನ್, ಹಾಲ್ಬರ್ಟ್ ವೈಟ್ ಬೇರೊಂದು ಪ್ರಶ್ನೆ ಕೇಳಿದರು. ಈ 26 ನಿಯಮಗಳು ಆಯ್ಕೆಯಾದದ್ದು ಹೇಗೆ? ದಶಕಗಳ ಕಾಲ ಸಾವಿರಾರು ಜನ ಸಾವಿರಾರು ನಿಯಮ ಪ್ರಯತ್ನಿಸಿ, ಸೋತದ್ದನ್ನು ಬಿಟ್ಟು ಗೆದ್ದದ್ದನ್ನು ಉಳಿಸಿಕೊಂಡಿರುತ್ತಾರಲ್ಲ! ಅವರು ಸುಮಾರು 7,800 ನಿಯಮಗಳನ್ನು ಒಟ್ಟಿಗೆ ಪರೀಕ್ಷೆಗೆ ಒಡ್ಡಿದರು. ಹಳೆಯ ಅವಧಿಯಲ್ಲಿ ಅತ್ಯುತ್ತಮ ನಿಯಮ ಈ ಕಠಿಣ ಲೆಕ್ಕದಲ್ಲೂ ಪಾಸಾಯಿತು. ಆದರೆ 1987ರಿಂದ 1996ರವರೆಗಿನ ಹೊಸ ಬೆಲೆಗಳಲ್ಲಿ ಅದರ ಮೇಲುಗೈ ಉಳಿಯಲಿಲ್ಲ.

ನನ್ನ ಪ್ರಕಾರ ಬ್ಯಾಕ್‌ಟೆಸ್ಟಿಂಗ್‌ನಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಯಾವ ಹುರುಳೂ ಇಲ್ಲದ ನೂರು ನಿಯಮ ಓಡಿಸಿದರೂ ಐದಾರು ಬರೀ ಅದೃಷ್ಟದಿಂದ ಮಿಂಚುತ್ತವೆ. 50 ದಿನ ಬೇಡ, 47 ಇರಲಿ, 200ರ ಬದಲು 183 ಇರಲಿ ಎಂದು ಒಂದೊಂದೇ ಸಂಖ್ಯೆ ಬದಲಿಸುತ್ತ ಹೋಗುವುದು, ಹೋದ ವರ್ಷದ ಪ್ರಶ್ನೆಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಅದಕ್ಕೇ ಉತ್ತರ ಬಾಯಿಪಾಠ ಮಾಡಿದ ಹಾಗೆ. ಯಾರಾದರೂ ತಮ್ಮ ನಿಯಮದ ಅದ್ಭುತ ಫಲಿತಾಂಶ ತೋರಿಸಿದರೆ, ಇದಕ್ಕೂ ಮೊದಲು ಎಷ್ಟು ನಿಯಮ ಓಡಿಸಿ ನೋಡಿದಿರಿ ಎಂದು ಕೇಳಿ. 183 ದಿನಕ್ಕೆ ಲಾಭ ಕೊಟ್ಟು 170ಕ್ಕೂ 195ಕ್ಕೂ ನಷ್ಟ ಕೊಡುವ ನಿಯಮವನ್ನು ನಂಬಬೇಡಿ.

ಇನ್ನೆರಡು ತಪ್ಪು ಸಾಮಾನ್ಯ. ಇಂದಿನ ಮುಕ್ತಾಯದ ಬೆಲೆ ನೋಡಿ, ಅದೇ ಬೆಲೆಗೆ ಕೊಂಡಂತೆ ಲೆಕ್ಕ ಹಾಕುವುದು ಒಂದು. ಆ ಬೆಲೆ ಗೊತ್ತಾಗುವಷ್ಟರಲ್ಲಿ ಪೇಟೆ ಮುಚ್ಚಿರುತ್ತದೆ. ಈಗಿನ ನಿಫ್ಟಿಯ 50 ಕಂಪನಿಗಳ ಮೇಲೆ ಇಪ್ಪತ್ತು ವರ್ಷ ಹಿಂದಿನಿಂದ ಪರೀಕ್ಷೆ ನಡೆಸುವುದು ಇನ್ನೊಂದು. ಸತ್ಯಂ ಕಂಪ್ಯೂಟರ್ಸ್ ನಿಫ್ಟಿಯಲ್ಲೇ ಇತ್ತು. 2009ರ ಜನವರಿ 7ರಂದು, ಲೆಕ್ಕಪತ್ರ ಸುಳ್ಳೆಂದು ಅದರ ಅಧ್ಯಕ್ಷರೇ ಒಪ್ಪಿಕೊಂಡ ದಿನ, ಷೇರು ಮುಕ್ಕಾಲು ಪಾಲಿಗೂ ಹೆಚ್ಚು ಬೆಲೆ ಕಳೆದುಕೊಂಡಿತು. ಇಂದಿನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ, ಹಾಗಾಗಿ ನಿಮ್ಮ ಪರೀಕ್ಷೆಯಲ್ಲಿ ಆ ನಷ್ಟವೂ ಇರುವುದಿಲ್ಲ. ಖರ್ಚನ್ನಂತೂ ಮರೆಯಲೇಬಾರದು. ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ 2024ರ ಜುಲೈನಿಂದ ಶೇ. 20 ತೆರಿಗೆ, ವರ್ಷ ದಾಟಿದರೆ ಶೇ. 12.5. ಪದೇ ಪದೇ ಒಳಹೊರಗೆ ಓಡಾಡಿಸುವ ನಿಯಮಕ್ಕೆ ಇದು ಭಾರೀ ಹೊರೆ.

ಹಾಗಾದರೆ ಸರಾಸರಿ ಯಾಕೆ ಬೇಕು? ನಿಧಾನವಾಗಿ ಕೊರೆಯುವ ಕುಸಿತದಿಂದ ಪಾರಾಗಲು. 2008ರ ಜನವರಿಯಲ್ಲಿ 6,288ಕ್ಕೆ ಮುಟ್ಟಿದ್ದ ನಿಫ್ಟಿ ಅಕ್ಟೋಬರ್ ಕೊನೆಗೆ 2,524ಕ್ಕೆ ಬಂತು. ನೂರು ರೂಪಾಯಿ ನಲವತ್ತಾಯಿತು. ಅದು ಮತ್ತೆ ನೂರಾಗಲು ಶೇ. 150 ಏರಬೇಕು. ಗೆರೆ ಹಿಡಿದವರು ಮಾರ್ಚ್ ಹೊತ್ತಿಗೆ 4,900ರ ಸುಮಾರಿಗೆ ಹೊರಬಂದಿರುತ್ತಿದ್ದರು. ನಡುವೆ ಬೇಸಿಗೆಯ ಚೇತರಿಕೆ ಒಮ್ಮೆ ಸುಳ್ಳು ಸೂಚನೆ ಕೊಟ್ಟು ಸ್ವಲ್ಪ ನಷ್ಟ ಮಾಡುತ್ತಿತ್ತು. 2009ರ ವಸಂತದಲ್ಲಿ 3,500ರ ಆಸುಪಾಸಿನಲ್ಲಿ ನಿಯಮ ಮತ್ತೆ ‘ಕೊಳ್ಳು’ ಎಂದಿತು. ಲೋಕಸಭಾ ಚುನಾವಣೆಯ ಫಲಿತಾಂಶದ ನಂತರದ ಸೋಮವಾರ, ಮೇ 18ರಂದು, ಪೇಟೆ ತೆರೆದ ಕೂಡಲೇ ಮೇಲಿನ ಮಿತಿ ಮುಟ್ಟಿ ವಹಿವಾಟು ನಿಂತುಹೋಯಿತು. ಆ ದಿನ ನಿಫ್ಟಿ ಶೇ. 17ಕ್ಕೂ ಹೆಚ್ಚು ಏರಿತು. ಗೆರೆ ಹಿಡಿದವರು ಅಷ್ಟರಲ್ಲಾಗಲೇ ಒಳಗಿದ್ದರು.