ಎಳೆದೊಯ್ಯುವ ಮನೆ

ಮನೆಯೆಂದರೆ ಕಟ್ಟಿದಲ್ಲಿಯೇ ನಿಲ್ಲುವಂಥದು ಎಂದು ನಂಬಿದವರು ನಾವು. ಅಮೆರಿಕದಲ್ಲಾದರೋ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ಕುಟುಂಬಗಳಿವೆ. ಟ್ರೈಲರ್ ಎಂದು ಅದರ ಹೆಸರು. ವಾಲಿ ಬೈಯಮ್ ಎಂಬಾತ 1936ರಲ್ಲಿ ಹೊರತಂದ ಅಲ್ಯೂಮಿನಿಯಂ ಮೈಯ ಏರ್‌ಸ್ಟ್ರೀಮ್ ಕ್ಲಿಪ್ಪರ್ ಇವುಗಳಲ್ಲಿ ಹೆಸರಾದದ್ದು. 1959ರಲ್ಲಿ ಆತ ಇಂಥ ಮನೆಗಳ ಸಾಲನ್ನೇ ಕೇಪ್‌ಟೌನಿನಿಂದ ಕೈರೋವಿನತ್ತ ಹೊರಡಿಸಿದ.

ಮೂವತ್ತು ಅಡಿಯ ಟ್ರೈಲರಿನಲ್ಲಿ ಅಡುಗೆ, ಸ್ನಾನ, ನಿದ್ರೆ ಎಲ್ಲಕ್ಕೂ ಎಡೆಯುಂಟು. ಆದರೆ ನನ್ನನ್ನು ಹೆಚ್ಚು ಸೆಳೆದದ್ದು ಅದರ ತೂಕದ ಲೆಕ್ಕಾಚಾರ. ಟ್ರೈಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಭಾರ ಮುಂದಿನ ಕೊಂಡಿಯ ಮೇಲೆ ಕೂರಬೇಕು. ಅದಕ್ಕಾಗಿ ತೂಕದ ಸಾಮಾನನ್ನು ಅಚ್ಚಿನ ಮುಂದೆ ಇಡುತ್ತಾರೆ. ಹಿಂಭಾರವಾದರೆ ಟ್ರೈಲರಿನ ಬಾಲ ಅತ್ತಿತ್ತ ತೂಗತೊಡಗುತ್ತದೆ. ವೇಗ ಹೆಚ್ಚಿದಂತೆ ತೂಗಾಟವೂ ಬೆಳೆದು ಕಾರನ್ನೇ ಮಗುಚಬಲ್ಲದು. ಆಗ ಕಾರಿನ ಬ್ರೇಕನ್ನು ಥಟ್ಟನೆ ಒತ್ತುವುದು ಅಪಾಯ. ವೇಗವನ್ನು ಇಳಿಯಗೊಟ್ಟು, ಟ್ರೈಲರಿಗೇ ಇರುವ ಬ್ರೇಕನ್ನು ಪ್ರತ್ಯೇಕವಾಗಿ ಹಾಕಿ, ಅದನ್ನು ಹಿಂದಕ್ಕೆ ಜಗ್ಗಿ ನೇರಗೊಳಿಸಬೇಕು.

ಎತ್ತಿನ ಗಾಡಿಗೆ ಹೇರು ಹೇರುವ ನಮ್ಮ ರೈತನಿಗೆ ಈ ಶಾಸ್ತ್ರ ಅಪರಿಚಿತವೇನಲ್ಲ. ಮುಂಭಾರ ಅತಿಯಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳು ಬಿಗಿಯುತ್ತದೆ.

ಟ್ರೈಲರಿನಲ್ಲಿ ಬಾಳುವವರು ಒಂದು ಪುಸ್ತಕದ ಪೆಟ್ಟಿಗೆ ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ: ಇದು ಬೇಕೆ? ಬೇಕಾದರೆ ಎಲ್ಲಿಡಬೇಕು? ನಿಂತ ಮನೆಯಲ್ಲಿ ಬೇಡದ ಸಾಮಾನು ಅಟ್ಟ ಸೇರಿ ಮರೆತುಹೋಗುತ್ತದೆ. ಚಲಿಸುವ ಮನೆಯಲ್ಲಿ ಅದು ಹೆದ್ದಾರಿಯ ಇಳಿಜಾರಿನಲ್ಲಿ ತನ್ನ ಲೆಕ್ಕ ಕೇಳುತ್ತದೆ.