ಗಿಂಡಿ

ಗಿಂಡಿಯು ನೀರನ್ನು ತುಂಬಿಡಲು ಹಾಗೂ ಎರೆದು ಕೊಡಲು ಬಳಸುವ, ಪಕ್ಕದಲ್ಲಿ ಕಿರಿದಾದ ಕೊಳವೆಯುಳ್ಳ ಲೋಹದ ಪಾತ್ರೆ. ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನ ಹಳೆಯ ಮನೆಗಳಲ್ಲಿ ಇದು ನಿತ್ಯೋಪಯೋಗಿ ವಸ್ತುವಾಗಿತ್ತು. ಕೇರಳದಲ್ಲಿ ಇದನ್ನು ಕಿಂಡಿ ಎನ್ನುತ್ತಾರೆ.

ರಚನೆ

ದುಂಡಗಿನ ಹೊಟ್ಟೆ, ಸಪೂರವಾದ ಕತ್ತು, ಅಗಲವಾದ ಬಾಯಿ, ಅಡಿಯಲ್ಲೊಂದು ಪೀಠ ಇದರ ಸಾಮಾನ್ಯ ಆಕಾರ. ಚೊಂಬು, ತಂಬಿಗೆಗಳಿಂದ ಇದನ್ನು ಬೇರ್ಪಡಿಸುವುದು ಕೊಳವೆಯೇ. ಹೆಚ್ಚಿನವು ಹಿತ್ತಾಳೆ (ತಾಮ್ರ ಮತ್ತು ಸತು) ಅಥವಾ ಕಂಚಿನಲ್ಲಿ (ತಾಮ್ರ ಮತ್ತು ತವರ) ತಯಾರಾದವು. ನೀರನ್ನು ಬಾಯಿಯಿಂದ ತುಂಬಿ ಕೊಳವೆಯಿಂದ ಬಗ್ಗಿಸಬೇಕು. ಕೊಳವೆಯ ತುದಿ ಕಿರಿದಾದುದರಿಂದ ನೀರು ಸಣ್ಣ ಧಾರೆಯಾಗಿ ಬೀಳುತ್ತದೆ, ಪೋಲಾಗುವುದಿಲ್ಲ.

ಬಳಕೆ

ಮನೆಗೆ ಬಂದವರಿಗೆ ಮೊದಲು ಕೈಕಾಲು ತೊಳೆಯಲು ನೀರು, ಬಳಿಕ ಜಗಲಿಯಲ್ಲಿ ಕುಳ್ಳಿರಿಸಿ ಬೆಲ್ಲದ ತುಂಡು ಮತ್ತು ಕುಡಿಯುವ ನೀರು ಕೊಡುವುದು ಕರಾವಳಿಯ ಪದ್ಧತಿ. ಕುಡಿಯುವವರು ಮುಖವೆತ್ತಿ, ಕೊಳವೆ ತುಟಿಗೆ ಸೋಕದಂತೆ ಧಾರೆಯನ್ನು ಬಾಯಿಗೆ ಬಿಟ್ಟುಕೊಳ್ಳುತ್ತಿದ್ದರು. ಪಾತ್ರೆ ಎಂಜಲಾಗದ ಕಾರಣ ಒಂದೇ ಗಿಂಡಿ ಹಲವರ ಬಾಯಾರಿಕೆ ತೀರಿಸುತ್ತಿತ್ತು. (ರೂಢಿಯಿಲ್ಲದವರ ಅಂಗಿ ತೋಯುವುದು ಸಾಮಾನ್ಯ.) ತುಳುನಾಡಿನ ಮದುವೆಗಳಲ್ಲಿ ಧಾರೆಯೆರೆಯಲು ಇಂದಿಗೂ ಗಿಂಡಿಯನ್ನು ಬಳಸುತ್ತಾರೆ.

ಮುಟ್ಟದೆ ನೀರೆರೆಯುವ ಈ ಕ್ರಮವು ಶುಚಿತ್ವಕ್ಕಷ್ಟೇ ಸೀಮಿತವಾಗಿರಲಿಲ್ಲ. ಅಸ್ಪೃಶ್ಯತೆ ಆಚರಣೆಯಲ್ಲಿದ್ದ ಕಾಲದಲ್ಲಿ ಕೆಲವರ ಕೈಗೆ ಪಾತ್ರೆಯನ್ನೇ ಕೊಡದೆ, ಅಂಗಳದಲ್ಲಿ ನಿಲ್ಲಿಸಿ, ಬೊಗಸೆಗೆ ಮೇಲಿನಿಂದ ನೀರೆರೆಯಲಾಗುತ್ತಿತ್ತು. ಆತಿಥ್ಯದ ಕುರುಹೆಂದು ಹಳೆಯ ಪಾತ್ರೆಗಳನ್ನು ವರ್ಣಿಸುವ ಬರಹಗಳು ಇದನ್ನು ಮರೆಯುವುದು ಸರಿಯಲ್ಲ.

ನಿರ್ವಹಣೆ

ಹುಣಸೆಹಣ್ಣು ಮತ್ತು ಬೂದಿಯಿಂದ ತಿಕ್ಕಿದರೆ ಹೊರಮೈ ಹೊಳೆಯುತ್ತದೆ. ಆದರೆ ಕೊಳವೆಯೊಳಗೆ ಕೈ ಹೋಗದು. ಹಸಿರು ಕಿಲುಬು ಮೊದಲು ಕಾಣಿಸುವುದು ಅಲ್ಲಿಯೇ. ಕಡ್ಡಿಗೆ ತೆಂಗಿನ ನಾರು ಸುತ್ತಿ ಅದನ್ನು ಶುಚಿಗೊಳಿಸಬಹುದು. ಹುಳಿ ಪದಾರ್ಥವು ತಾಮ್ರವನ್ನು ಕರಗಿಸುವುದರಿಂದ, ಒಳಗೆ ಕಲಾಯಿ, ಅಂದರೆ ತವರದ ಲೇಪ, ಇಲ್ಲದ ಗಿಂಡಿಯಲ್ಲಿ ಮಜ್ಜಿಗೆ, ಪಾನಕ ಇಡಬಾರದು. ಹಳೆಯ ಬೆಸುಗೆಗಳಲ್ಲಿ ಸೀಸ ಇರಬಹುದು. ಆದ್ದರಿಂದ ಹಳೆಯ ಸಾಮಾನಿನ ಅಂಗಡಿಯಿಂದ ಕೊಂಡ, ಬೆಸುಗೆ ಹಾಕಿದ ಗಿಂಡಿಯನ್ನು ಅಲಂಕಾರಕ್ಕೆ ಇಟ್ಟುಕೊಳ್ಳುವುದು ಲೇಸು, ಕುಡಿಯುವ ನೀರಿಗೆ ಬೇಡ.

ಸ್ಟೀಲಿನ ಲೋಟ, ಚೊಂಬುಗಳು ಬಂದ ಮೇಲೆ ಗಿಂಡಿ ಅಟ್ಟ ಸೇರಿತು. ಅನೇಕ ಮನೆಗಳವರು ತೂಕದ ಲೆಕ್ಕದಲ್ಲಿ ಗುಜರಿಗೆ ಮಾರಿದರು. ಕರಗಿದ ಲೋಹಕ್ಕೆ ಬೆಲೆ ದೊರೆಯಿತು, ಎರಕದವನ ಕೈಚಳಕಕ್ಕೆ ದೊರೆಯಲಿಲ್ಲ.