ಕಾಲರಾ ವಿಷದ ಜಾಡಿನಲ್ಲಿ

'ಡಾಕ್ಟರ್' ಎಂದೊಡನೆ ರೋಗಿಯ ನಾಡಿ ಹಿಡಿದು ಮದ್ದು ಕೊಡುವ ವೈದ್ಯರು ನಮ್ಮ ಕಣ್ಣಮುಂದೆ ನಿಲ್ಲುತ್ತಾರೆ. ಆದರೆ ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಬೋಧಿಸುವವನು ಎಂಬುದೇ ಮೂಲಾರ್ಥ. ವೈದ್ಯ ಪದವಿ ಪಡೆದವರಲ್ಲಿ ಕೆಲವರು ಚಿಕಿತ್ಸೆಯಷ್ಟಕ್ಕೇ ನಿಲ್ಲದೆ, ಮತ್ತೆ ವಿದ್ಯಾರ್ಥಿಗಳಾಗಿ ಪಿಎಚ್.ಡಿ. ಪದವಿಗಾಗಿ ಸಂಶೋಧನೆಗೆ ತೊಡಗುತ್ತಾರೆ. ಆರೋಗ್ಯವಂತ ದೇಹದ ಅಂಗಾಂಗಗಳು ಹೇಗೆ ಕೆಲಸಮಾಡುತ್ತವೆ ಎಂಬುದನ್ನು ತಿಳಿಸುವುದು ಶರೀರಕ್ರಿಯಾಶಾಸ್ತ್ರ. ಆ ಕೆಲಸ ಎಲ್ಲಿ, ಏಕೆ ಕೆಟ್ಟಿತೆಂಬುದನ್ನು ಹುಡುಕುವುದು ರೋಗಶಾಸ್ತ್ರ. ಇಲ್ಲಿ ಡಾಕ್ಟರೇಟ್ ಬಯಸುವವರಿಗೆ ಗ್ರಂಥಗಳನ್ನು ಓದಿ ಒಪ್ಪಿಸಿದರೆ ಸಾಲದು. ಯಾರೂ ಉತ್ತರಿಸದ ಪ್ರಶ್ನೆಯೊಂದನ್ನು ಆರಿಸಿಕೊಂಡು, ವರ್ಷಗಟ್ಟಲೆ ಪ್ರಯೋಗ ನಡೆಸಿ, ಅದರ ಫಲವನ್ನು ಮಹಾಪ್ರಬಂಧವಾಗಿ ಬರೆದು, ಪರೀಕ್ಷಕರ ಸಂದೇಹಗಳಿಗೆ ಸಮಾಧಾನ ಹೇಳಬೇಕು.

1947ರಲ್ಲಿ ಇಂಥ ವಿದ್ಯಾರ್ಥಿಯಾಗಿ ಲಂಡನ್ನಿಗೆ ಹೋದವರು ಶಂಭುನಾಥ ಡೇ. ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ 1915ರಲ್ಲಿ ಜನಿಸಿದ ಅವರು ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣ ಮುಗಿಸಿದ್ದರು. ಲಂಡನ್ನಿನಲ್ಲಿ ಪ್ರೊಫೆಸರ್ ಕ್ಯಾಮರನ್ ಅವರ ಗುರುಗಳು. ಮೆದುಳಿಗೆ ಆಘಾತವಾದರೆ ಶ್ವಾಸಕೋಶದಲ್ಲಿ ನೀರು ತುಂಬುವುದೇಕೆ ಎಂಬುದನ್ನು ಗುರುಶಿಷ್ಯರು ಕೂಡಿ ಪ್ರಾಣಿಗಳಲ್ಲಿ ಪರೀಕ್ಷಿಸಿದರು. 1949ರಲ್ಲಿ ಡೇ ಅವರಿಗೆ ಪಿಎಚ್.ಡಿ. ದೊರೆಯಿತು.

ಪದವಿಯೊಡನೆ ಸ್ವದೇಶಕ್ಕೆ ಮರಳಿದ ಅವರು ಕೈಗೆತ್ತಿಕೊಂಡುದು ಕಾಲರಾ ರೋಗವನ್ನು. ನಮ್ಮ ಹಿರಿಯರು ವಾಂತಿಭೇದಿ ಎಂದು ಕರೆದು ನಡುಗುತ್ತಿದ್ದ ಬೇನೆ ಇದೇ. ಬೆಳಗ್ಗೆ ನಡೆದಾಡುತ್ತಿದ್ದವನು ದೇಹದ ನೀರೆಲ್ಲ ಸೋರಿ ಸಂಜೆಗೆ ಅಸುನೀಗುವುದುಂಟು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿಯೇ ಇದರ ರೋಗಾಣುವನ್ನು ಬೇರ್ಪಡಿಸಿ, ಅದು ವಿಷವೊಂದನ್ನು ಸ್ರವಿಸುತ್ತಿರಬಹುದೆಂದು ಊಹಿಸಿದ್ದರು. ಆ ವಿಷವನ್ನು ಅರಸಿದ ಹಲವರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಉದರಕುಹರಕ್ಕೋ ಚುಚ್ಚಿ ನೋಡಿದರು. ಭೇದಿ ಮಾತ್ರ ಕಾಣಿಸಿಕೊಳ್ಳಲಿಲ್ಲ.

ರೋಗವಿರುವುದು ಕರುಳಿನಲ್ಲಿ, ಬೇರೆಡೆ ಹುಡುಕುವುದೇಕೆ? ಡೇ ಅವರು ಮೊಲಕ್ಕೆ ಅರಿವಳಿಕೆ ಕೊಟ್ಟು, ಸಣ್ಣಕರುಳಿನ ಒಂದು ತುಂಡನ್ನು ರಕ್ತನಾಳ ಕಡಿಯದಂತೆ ಎರಡು ಕಡೆಯೂ ದಾರದಿಂದ ಕಟ್ಟಿ, ನಡುವೆ ಕಾಲರಾ ರೋಗಾಣುಗಳನ್ನು ಚುಚ್ಚಿದರು. ಮರುದಿನ ತೆರೆದು ನೋಡಿದರೆ ಆ ತುಂಡು ನೀರು ತುಂಬಿ ಉಬ್ಬಿಕೊಂಡಿತ್ತು! ಈ ವಿಧಾನ 1953ರಲ್ಲಿ ಪ್ರಕಟವಾಯಿತು. ಮುಂದಿನ ಹೆಜ್ಜೆ ಇನ್ನೂ ಜಾಣತನದ್ದು. ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದು ರೋಗಾಣುವೂ ಉಳಿಯದಂತೆ ಮಾಡಿ, ಆ ತಿಳಿಯನ್ನಷ್ಟೇ ಚುಚ್ಚಿದರು. ಆಗಲೂ ಕರುಳು ಉಬ್ಬಿತು. ಹಾಗಾದರೆ ನೀರನ್ನು ಸುರಿಸುವುದು ರೋಗಾಣುವಿನ ದೇಹವಲ್ಲ, ಅದು ಹೊರಬಿಟ್ಟ ವಿಷ. 1959ರಲ್ಲಿ 'ನೇಚರ್' ಪತ್ರಿಕೆ ಈ ಸಂಗತಿಯನ್ನು ಪ್ರಕಟಿಸಿತು. ಕಾಖ್ ಅವರ ಊಹೆ ಸಿದ್ಧವಾಗಲು 75 ವರ್ಷ ಹಿಡಿದವು. ಬೇಕಾದ ಸಾಧನವೋ, ಮುಖ್ಯವಾಗಿ ಮೊಲ, ದಾರ, ಸೂಜಿ!

ಈ ವಿಷ ಕರುಳಿನ ಭಿತ್ತಿಯನ್ನು ಹರಿಯುವುದಿಲ್ಲ. ಅದರಿಂದ ಉಪ್ಪನ್ನೂ ನೀರನ್ನೂ ಹೊರಕ್ಕೆ ಸುರಿಸುತ್ತದೆ. ಸಕ್ಕರೆಯ ಜೊತೆಗೆ ಉಪ್ಪನ್ನು ಹೀರುವ ಶಕ್ತಿ ಆ ಭಿತ್ತಿಗೆ ಆಗಲೂ ಉಳಿದಿರುತ್ತದೆಂದು ಬೇರೆ ವಿಜ್ಞಾನಿಗಳು ಕಂಡುಕೊಂಡರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬೀಸ್ ಸಕ್ಕರೆ, ಉಪ್ಪು ಬೆರೆತ ನೀರನ್ನು ಕುಡಿಸಿಯೇ ಸಾವಿರಾರು ಜೀವಗಳನ್ನು ಉಳಿಸಿದರು.

ಡೇ ಅವರು 1973ರಲ್ಲಿ ನಿವೃತ್ತರಾದರು. 1978ರಲ್ಲಿ ನೊಬೆಲ್ ಪ್ರತಿಷ್ಠಾನದ ಕಾಲರಾ ವಿಚಾರಗೋಷ್ಠಿಗೆ ಅವರಿಗೆ ಕರೆ ಬಂದಿತು. ಸ್ವದೇಶದಲ್ಲಿ ಹೇಳಿಕೊಳ್ಳುವಂಥ ಗೌರವ ದೊರೆಯುವ ಮೊದಲೇ, 1985ರಲ್ಲಿ, ಅವರು ತೀರಿಕೊಂಡರು. ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆಯನ್ನು ಹೊರತಂದುದು 1990ರಲ್ಲಿ.